ಅವ್ವನ ಎಡಗೈ

ಮಿರಜ ಇನ್ನೂ ಸಂಸ್ಥಾನವಾಗಿದ್ದ ಕಾಲ. ನಾನು ಚೊಚ್ಚಲ ಬಾಣಂತನಕ್ಕೆಂದು ಮಿರಜಿನ ತವರಿಗೆ ಬಂದು ನೋಡಿದರೆ, ಅವ್ವನ ಎಡಗೈ ಮೇಲೇಳುತ್ತಿರಲಿಲ್ಲ. ನಮ್ಮದು ಲಿಂಗವಂತರ ಮನೆ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ದೃಷ್ಟಿ ಕದಲಿಸದೆ ಪೂಜಿಸಿದ ಮೇಲೆಯೇ ಅವ್ವ ಬಾಯಿಗೆ ನೀರು ಹಾಕುತ್ತಿದ್ದುದು. ಈಗ ಅಂಗೈ ಮಡಿಲು ಬಿಟ್ಟು ಏಳದು. ಬೆನ್ನು ಬಾಗಿಸಿ ಲಿಂಗ ನೋಡುವಳು. ಪೂಜೆ ಪೂರ್ತಿಯಾಯಿತೆನ್ನಿಸದೆ ಎರಡು ತುತ್ತಿಗೇ ಎದ್ದುಬಿಡುವಳು. ಸೊರಗಿ ಕಡ್ಡಿಯಾಗಿದ್ದಳು. ಅಪ್ಪ ಮೊಳಕೈಗೆ ಆಸರೆ ಕೊಡಲು ಹೋದರೆ, "ನನ್ನ ಲಿಂಗ ನಾನ ಹಿಡೀಬೇಕ್ರಿ" ಎಂದಳಂತೆ. ಹಟ ಅಂದರೆ ಹಟ!

ನನಗೂ ಕೂಸಿಗೂ ಎಣ್ಣೆ ತಿಕ್ಕಲು ಪಕ್ಕದ ಮಾಲಗಾಂವದಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎನ್ನುತ್ತಿದ್ದೆವು. ಬಾಯಿ ದೊಡ್ಡದು. ಅವ್ವ ಸೆರಗು ಹೊದೆಯಲು ಒದ್ದಾಡುವುದನ್ನು ಕಂಡು ಕೈಗೇನಾಯಿತೆಂದು ಕೇಳಿಯೇಬಿಟ್ಟಳು.

"ಹೆಗಲು ನೋಯ್ತಿತ್ತ ಮಾವಶಿ. ಲಿಂಗ ಹಿಡಿಯೂ ಕೈ, ಜ್ವಾಪಾನ ಇರಲಿ ಅಂತ ಬ್ಯಾರೆ ಯಾವ ಕೆಲಸಕ್ಕೂ ಹಚ್ಚಲಿಲ್ಲ. ಪೂಜಿ ಮುಗದ ಮ್ಯಾಲ ಎದಿಗೆ ಕಟ್ಟಿ ಇಟ್ಟೆ," ಎಂದಳು ಅವ್ವ.

"ಅಯ್ಯ ದೇವಾ! ದೇವರ ಕೈ ಅಂತ ಕುಂದ್ರಿಸಿಬಿಟ್ರೇನ್ರಿ ಅಕ್ಕಾರ? ಕುಂತ ಹೆಗಲು ಹಿಡಕೊಳ್ಳದ ಏನ ಮಾಡತೈತಿ?"

ಅಂದಿನಿಂದ ನನ್ನ ನಂತರ ಅವ್ವನ ಸರದಿ. ಬಿಸಿ ಎಳ್ಳೆಣ್ಣೆ ಹಚ್ಚಿ, ಒಂದು ಕೈಯಿಂದ ಹೆಗಲ ಹಿಂದಿನ ಅಗಲ ಎಲುಬನ್ನು ಒತ್ತಿ ಹಿಡಿದು, ಇನ್ನೊಂದರಿಂದ ತೋಳನ್ನು ತಿರುಗಿಸುವಳು. ಜಗ್ಗಿ ಎಳೆಯುತ್ತಿರಲಿಲ್ಲ. ಅವ್ವ ಉಸಿರು ಬಿಟ್ಟಾಗ ಮಾತ್ರ ತೋಳು ಕೂದಲೆಳೆಯಷ್ಟು ಮುಂದೆ. ಹಲ್ಲು ಕಚ್ಚಿದರೆ ಅಲ್ಲೇ ನಿಲ್ಲುವಳು. ನನ್ನ ಮೈಯನ್ನು ಕಣಕದಂತೆ ನಾದುತ್ತಿದ್ದ ಕೈಗಳು ಇವೇನಾ! ಅಷ್ಟು ಬಾಯಿಯವಳು ಆ ಹೊತ್ತು ತುಟಿ ಬಿಚ್ಚುತ್ತಿರಲಿಲ್ಲ, ಬೇರೆಯವರು ಮಾತಾಡಿದರೆ "ಗಪ್ಪ!" ಅಷ್ಟೇ. ನಾನು ಕೂಸನ್ನೂ ಮರೆತು ನೋಡುತ್ತಿದ್ದೆ. ಈ ವಯಸ್ಸಿನವರೆಗೂ ಅಂಥ ಬೆರಗು ನನಗೆ ಮತ್ತೆ ಆಗಿಲ್ಲ. ಹೋಗುವಾಗ, "ಕಟ್ಟಬ್ಯಾಡ್ರಿ. ಗ್ವಾಡಿ ಮ್ಯಾಲ ಬೆರಳು ಹತ್ತಸ್ರಿ, ಎಡಗೈಲೆ ತೊಟ್ಟಿಲಾ ತೂಗ್ರಿ" ಎಂದು ಗದರುವಳು.

ಕೂಸು ಬೋರಲು ಬೀಳುವ ಹೊತ್ತಿಗೆ ಅವ್ವನ ಅಂಗೈ ಎದೆಯ ಮಟ್ಟಕ್ಕೆ ಬಂದಿತ್ತು. ಒಂದು ಸೋಮವಾರ ಮಾವಶಿ ಬಂದಾಗ ಅವ್ವ ಪೂಜೆಗೆ ಕೂತಿದ್ದಳು. ಮಾವಶಿ ಹೊಸ್ತಿಲಾಚೆಯೇ ಕೂತಳು. ಅವ್ವ ಉಸಿರು ಬಿಟ್ಟಳು. ಅಂಗೈ ಎದ್ದಿತು, ಗದ್ದ ದಾಟಿತು, ಕಣ್ಣಿನೆದುರು ಬಂದು ನಿಂತಿತು.

ಆಗ ಅವ್ವನ ದೃಷ್ಟಿ ಲಿಂಗದಿಂದ ಕದಲಿತು. ಹೊಸ್ತಿಲಾಚೆ, ಮಾವಶಿಯ ಮಡಿಲಲ್ಲಿದ್ದ ಎರಡು ಕೈಗಳ ಮೇಲೆ ನಿಂತಿತು.

ಮಾವಶಿ ಗಾಬರಿಯಾದಳು. "ಅಕ್ಕಾರ, ಪೂಜಿ ಕೆಡತೈತಿ, ಆಕಡೆ ನೋಡ್ರಿ!"

"ಕೆಡಲಿ ಬಿಡು ಮಾವಶಿ," ಎಂದಳು ಅವ್ವ. "ನಿನ್ನ ಕೈ ನೋಡದ ಹೆಂಗಿರಲಿ?"