ಎಡಗೈಯ ಗುರಿ

ಪೊಲೀಸ್ ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಆ ಮಹಿಳಾ ಪೇದೆ 'ಎಡಚಿ'. ಚಿಕ್ಕಂದಿನಲ್ಲಿ ಗೆಣ್ಣಿನ ಮೇಲೆ ಏಟು ತಿಂದೂ ತಿಂದೂ ಬರವಣಿಗೆಯನ್ನೇನೋ ಬಲಗೈಗೆ ಬದಲಾಯಿಸಿಕೊಂಡಿದ್ದಳು. ಕತ್ತರಿ, ಚಾಕು, ಸೌಟು ಮಾತ್ರ ಹಟ ಹಿಡಿದು ಎಡಗೈಯಲ್ಲೇ ಉಳಿದವು.

ಪಿಸ್ತೂಲು ಹಿಡಿಯುವುದಕ್ಕೂ ಬಲಗೈಯೇ ಆಗಬೇಕೆಂದು ಗುರಿ ಕಲಿಸುವ ಮಾಸ್ತರ ಕಟ್ಟಪ್ಪಣೆ ಮಾಡಿದ್ದ. ವರ್ಷದ ಗುರಿ ಪರೀಕ್ಷೆಯಲ್ಲಿ ಅವಳ ಗುಂಡುಗಳೆಲ್ಲ ಗುರಿಹಲಗೆಯ ಕೆಳಗಿನ ಮಣ್ಣಿಗೆ ಬಿದ್ದವು. ಪರೀಕ್ಷೆಯಲ್ಲಿ ಸೋತವರಿಗೆ ಗಸ್ತು ಇಲ್ಲ. ಮೇಜಿನ ಹಿಂದೆ ಕೂತು ಫೋನ್ ಎತ್ತಬೇಕು.

"ಬೇಜಾರು ಮಾಡ್ಕೋಬೇಡಮ್ಮ, ಫೋನ್ ಎತ್ತೋಕೆ ಯಾವ ಕೈಯಾದ್ರೂ ನಡೆಯುತ್ತೆ," ಎಂದ ಮಾಸ್ತರ. ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಗುರಿ ಯಾಕೆ ತಪ್ಪುತ್ತದೆಂದು ಕೇಳಲು ನೇರ ಶಸ್ತ್ರಾಗಾರಕ್ಕೆ ಹೋದಳು. ಅಲ್ಲಿನ ಮುದಿ ಹವಾಲ್ದಾರ ಅವಳ ಎರಡೂ ಅಂಗೈ ಜೋಡಿಸಿ, ನಡುವೆ ಸಣ್ಣ ಕಿಂಡಿ ಬಿಡಿಸಿ, ಅದರೊಳಗಿಂದ ಗೋಡೆಯ ಗಡಿಯಾರ ನೋಡಲು ಹೇಳಿದ. ಬಲಗಣ್ಣು ಮುಚ್ಚಿದಾಗ ಗಡಿಯಾರ ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದಾಗ ಮಾಯ.

"ನಿನ್ನ ಮನೇಲಿ ಎಡಗಣ್ಣಿಂದೇ ಯಜಮಾನಿಕೆ ಕಣಮ್ಮ. ಪಿಸ್ತೂಲನ್ನೂ ಆ ಕಡೆಗೇ ಕೊಡು. ಆದ್ರೆ ನಿನ್ನ ರೋಗ ಅದೊಂದೇ ಅಲ್ಲ. ಗುಂಡೆಲ್ಲ ಕೆಳಕ್ಕೇ ಬೀಳ್ತಿವೆ ಅಂದ್ರೆ ಸದ್ದಿಗೆ ಹೆದರ್ತೀಯ."

"ನಾನಾ? ಹೆದರೋದಾ?"

ಅವನು ಅವಳನ್ನು ಗುರಿ ಮೈದಾನಕ್ಕೆ ಕರೆದೊಯ್ದು, ನಿಜವಾದ ಗುಂಡುಗಳ ನಡುವೆ ಮದ್ದಿಲ್ಲದ ಹುಸಿಗುಂಡು ಬೆರೆಸಿ ಪಿಸ್ತೂಲು ಕೊಟ್ಟ. ಹುಸಿಗುಂಡಿನ ಸರದಿ ಬಂದಾಗ ಸದ್ದೇ ಆಗಲಿಲ್ಲ, ಆದರೂ ಪಿಸ್ತೂಲಿನ ಮೂತಿ ಗಕ್ಕನೆ ಕೆಳಗೆ ಬಾಗಿತು. ಅವಳ ಮುಖ ಕೆಂಪಾಯಿತು. ಸಿಟ್ಟು ಮಾಸ್ತರನ ಮೇಲಿಂದ ಸ್ವಂತ ಮಣಿಕಟ್ಟಿನ ಮೇಲೆ ತಿರುಗಿತು.

ಅಂದಿನಿಂದ ಕೆಲಸಕ್ಕೆ ಮೊದಲು ಶಸ್ತ್ರಾಗಾರದಲ್ಲಿ ಖಾಲಿ ಪಿಸ್ತೂಲಿನ ಅಭ್ಯಾಸ. ನಳಿಗೆಯ ಮೇಲೆ ಖಾಲಿ ತೋಟಾ ನಿಲ್ಲಿಸಿ, ಅದು ಬೀಳದಂತೆ ಟ್ರಿಗರ್ ಎಳೆಯಬೇಕು. ಅದು ಬೀಳುತ್ತಿತ್ತು, ಅವಳು ಬೈಯುತ್ತ ಎತ್ತಿಡುತ್ತಿದ್ದಳು. ಬೆರಳಿನ ತುದಿಯ ಮೆತ್ತೆಯಿಂದ ನೆಟ್ಟಗೆ ಹಿಂದಕ್ಕೆ, ಬೆಣ್ಣೆ ಒತ್ತಿದಷ್ಟು ನಿಧಾನ. ನಳಿಗೆಯ ತುದಿಯ ಗುರಿಮೊಳೆ ಕಣ್ಣಿಗೆ ನಿಚ್ಚಳ, ಎದುರಿನ ಗೋಡೆ ಮಂಜುಮಂಜು. ಮನೆಯಲ್ಲಿ ತೋಳಿಗೆ ಬಲ ಬರಲೆಂದು ನೀರು ತುಂಬಿದ ಬಾಟಲಿ ಚಾಚಿ ಹಿಡಿದು ನಿಲ್ಲುತ್ತಿದ್ದಳು.

"ಯಾರಿಗೆ ಗುರಿ ಇಟ್ಟಿದ್ದೀಯೇ, ನನಗಾ?" ಎಂದ ಬಸ್ ಓಡಿಸುವ ಗಂಡ.

"ಸದ್ಯಕ್ಕೆ ಗೋಡೆಗೆ. ಪಾತ್ರೆ ತೊಳೆದಿಟ್ರೆ ಗೋಡೆಗೇ ಇರುತ್ತೆ."

ಮರುಪರೀಕ್ಷೆಯ ದಿನ ಅವಳು ಎಡಗೈಯಲ್ಲಿ ಪಿಸ್ತೂಲು ಹಿಡಿದು, ಬಲಗೈಯನ್ನು ಅದಕ್ಕೆ ಒತ್ತಾಗಿ ಸುತ್ತಿ ನಿಂತಳು.

"ಏಯ್, ಕೈ ಬದಲಾಯಿಸು!" ಎಂದು ಮಾಸ್ತರ ಗದರಿದ.

"ಬದಲಾಯಿಸಿದ್ದೀನಿ ಸಾರ್."

"ಹೀಗೆ ಹೊಡೆದ್ರೆ ಲೆಕ್ಕಕ್ಕಿಲ್ಲ."

"ಲೆಕ್ಕ ನಿಮ್ದು. ಗುರಿ ನಂದು."

ಉಸಿರು ಅರ್ಧ ಬಿಟ್ಟು ಹಿಡಿದಳು. ಗುಂಡುಗಳು ಹೋಗಿ ಹಲಗೆಯ ನಡುವೆ, ಒಂದು ಅಂಗೈ ಮುಚ್ಚುವಷ್ಟು ಜಾಗದಲ್ಲಿ ಕೂತವು. ಒಂದು ಮಾತ್ರ ಅಂಚಿಗೆ ಸರಿಯಿತು. ಮಾಸ್ತರ ನೋಡಿದ; 'ಅನುತ್ತೀರ್ಣ' ಎಂದು ಕೂಗಿದ.

ಅವಳು ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಗೆರೆಯ ಮೇಲೆ ಗೂಟ ಹೊಡೆದಂತೆ ನಿಂತುಬಿಟ್ಟಳು. ಬೈದರೂ ಕದಲಲಿಲ್ಲ. ಹಿಂದಿನವರ ಸರದಿ ಕೆಟ್ಟಿತು, ಗದ್ದಲ ಕೇಳಿ ಮೇಲಧಿಕಾರಿಯೇ ಬಂದರು.

"ಎಡಗೈಲಿ ಹೊಡೀತಾಳೆ ಸಾರ್," ಎಂದು ಮಾಸ್ತರ ದೂರಿದ.

ಅಧಿಕಾರಿ ಹಲಗೆ ನೋಡಿದರು. "ಹೊಡೆದಿದ್ದಾಳಲ್ಲಯ್ಯ! ಇನ್ನೇನು ಬೇಕು ನಿನಗೆ?"

ಗಸ್ತು ಸಿಕ್ಕಿತು. ಆದರೆ ಎಡಸೊಂಟಕ್ಕೆ ಹೊಂದುವ ಪಿಸ್ತೂಲಿನ ಚೀಲ ಉಗ್ರಾಣದಲ್ಲಿ ಇರಲಿಲ್ಲ. ಅವಳು ಚಪ್ಪಲಿ ಹೊಲಿಯುವವನ ಹತ್ತಿರ ಗಟ್ಟಿ ಚರ್ಮದಲ್ಲಿ ಒಂದನ್ನು ಹೊಲಿಸಿಕೊಂಡಳು.

ಮೊದಲ ಗಸ್ತಿನ ದಿನ ಠಾಣೆಯ ಬಾಗಿಲಲ್ಲೇ ಮಾಸ್ತರ ಅಡ್ಡಗಟ್ಟಿದ. "ಸಮವಸ್ತ್ರದ ನಿಯಮ ಮುರೀತಿದ್ದೀಯ. ಮೇಲಿನವರಿಗೆ ಬರೀತೀನಿ."

"ಬರೀರಿ ಸಾರ್. ಈಗ ದಾರಿ ಬಿಡಿ, ಗಸ್ತಿಗೆ ಹೊತ್ತಾಯ್ತು."

ಅವನು ಸರಿಯುವವರೆಗೂ ಕಾಯದೆ, ಅವನ ಪಕ್ಕದಿಂದಲೇ ನುಸುಳಿ ಬೀದಿಗಿಳಿದಳು.