ದ್ರಾಕ್ಷಿ ಶೆಡ್ಡಿಗೆ ಬಂದ ಎರಡನೇ ಸೀಸನ್

ತಮಿಳುನಾಡಿನ ಓಡೈಪಟ್ಟಿಯ ದ್ರಾಕ್ಷಿ ಶೆಡ್ಡಿನಲ್ಲಿ ಗೊಂಚಲು ಆರಿಸುತ್ತಾ, ಪಕ್ಕದ ಮನೆಯ ಅತ್ತೆ ತಾವು ಫೋನಿನಲ್ಲಿ ನೋಡಿದ ಮಾಯಾಲೋಕದ ಸೀರಿಯಲ್ಲನ್ನು ನಮ್ಮ ಮನೆಮಾತಾದ ಕನ್ನಡದಲ್ಲಿ ಹೇಳುತ್ತಿದ್ದರು. ರೆಕ್ಕೆಯ ಹುಲಿ ಹಾರಿದರೆ ಅವರ ಎರಡು ಕೈಗಳೂ ಮೇಲೇಳುತ್ತಿದ್ದವು. ಕುತೂಹಲದ ಜಾಗದಲ್ಲಿ ನಿಲ್ಲಿಸಿ, "ಅಪ್ಪುರಂ, ಆಮ್ಯಾಕೆ ಏನಾತು ಗೊತ್ತಾ?" ಎನ್ನುತ್ತಿದ್ದರು.

ಎಲ್ಲರೂ ಕಾದಿದ್ದ ಎರಡನೇ ಸೀಸನ್ ಬಂದ ಮರುದಿನವೇ ಅತ್ತೆಯ ಗಂಟಲು ಕಟ್ಟಿತು. ಕಥೆಗೆ ಕಾದು ಸುತ್ತ ಕೂತ ಹೆಂಗಸರಿಗೆ, ಇವಳು ಹೇಳುತ್ತಾಳೆ ಎಂಬಂತೆ ಅವರು ನನ್ನನ್ನು ತೋರಿಸಿದರು. ನಾನೂ ನೋಡಿದ್ದೆ. ಆದರೆ ಕನ್ನಡ ಕೇಳಿಸಿಕೊಂಡು ತಮಿಳಿನಲ್ಲೇ ಉತ್ತರಿಸುವವಳು ನಾನು.

"ತಮಿಳು ಬ್ಯಾಡ. ನಮ್ ಮಾತಲ್ಲೇ ಹೇಳು," ಎಂದು ಅತ್ತೆ ಪಿಸುಗುಟ್ಟಿದರು.

ತೊದಲುತ್ತ ಶುರುಮಾಡಿದೆ. ರಾಣಿ ಕೋಟೆಯಿಂದ ಹುಲಿಯ ಬೆನ್ನಿಗೆ ಜಿಗಿಯುವ ಹೊತ್ತಿಗೆ ನನ್ನ ಕನ್ನಡ ನಿಲ್ಲದೆ ಓಡುತ್ತಿತ್ತು.

ಅದನ್ನೆಲ್ಲ ತಾವೇ ನೋಡಿದ್ದ ಅತ್ತೆ ನನ್ನ ಮೊಣಕೈ ಹಿಡಿದು, ಕಣ್ಣರಳಿಸಿ ಕೇಳಿದರು: "ಅಯ್ಯೋ, ಬಿದ್ಬುಟ್ಳಾ?"