ಕೆಂಪು ಕಾರಿನ ಹಿಂದಿನ ನಟ್ಟು

ಬೆಳ್ಳಿಯಪ್ಪನಿಗೆ ಐವತ್ಮೂರು ವರ್ಷ. ಅದರಲ್ಲಿ ಮೂವತ್ತೆಂಟನ್ನು ಅವನು ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ, ಕಂಡವರ ಕಾರು ತಣ್ಣಗಿರಲೆಂದು ತಾನು ಬೆವರು ಸುರಿಸುತ್ತ ಕಳೆದಿದ್ದಾನೆ. ವರ್ಕ್‌ಶಾಪು ನಂಜಪ್ಪನ್ ಅವರದು. ದೂರದ ಸಂಬಂಧದಲ್ಲಿ ಮಾವ. ಗಿರಾಕಿಗಳ ಹತ್ತಿರ ತಮಿಳು, ತಮ್ಮಿಬ್ಬರ ನಡುವೆ ತಮಿಳು ಬೆರೆತ ಮನೆಯ ಕನ್ನಡ. ಆ ವರ್ಕ್‌ಶಾಪಿಗೊಂದು ಕಟ್ಟಳೆ ಇದೆ. ಗಾಡಿಯ ಮೊದಲ ಬೋಲ್ಟು ಬಿಚ್ಚಿದವನೇ ಕೊನೆಯ ಬೋಲ್ಟನ್ನೂ ಬಿಗಿಯಬೇಕು. ನಡುವೆ ಜ್ವರ ಬರಲಿ, ಮದುವೆ ಬರಲಿ, ಇನ್ನೊಬ್ಬರು ಕೈ ಹಾಕುವಂತಿಲ್ಲ. ಬೆಳ್ಳಿಯಪ್ಪ ತನ್ನ ಮಗಳ ನಿಶ್ಚಿತಾರ್ಥಕ್ಕೂ ಯಾರದೋ ವ್ಯಾನಿನ ಕಂಪ್ರೆಸರ್ ಕೂಡಿಸಿಯೇ ಹೋದ ಪುಣ್ಯಾತ್ಮ.

ಹೆಂಡತಿ ಸೆಲ್ಲಮ್ಮ ಮಡತ್ತುಕುಳದಲ್ಲಿ ತವರಿನ ತೋಟ ನೋಡಿಕೊಂಡಿದ್ದಾಳೆ. ಭಾನುವಾರಕ್ಕೊಮ್ಮೆ ಬಂದುಹೋಗುವ ಗಂಡ ಸಾಕಾಗಿ, ಈ ಸಲ ಅವಳೇ ಓಡಾಡಿ ಅಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಎ.ಸಿ. ಕೆಲಸ ಕಲಿಸುವ ಮೇಷ್ಟ್ರ ಜಾಗ ಹಿಡಿದುಕೊಟ್ಟಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಜರಾಗಬೇಕು. ತಪ್ಪಿದರೆ ಜಾಗ ಇನ್ನೊಬ್ಬನಿಗೆ. ಶನಿವಾರ ಸಂಜೆ ಬಸ್ಸು ಹತ್ತುವುದೆಂದು ತೀರ್ಮಾನವಾಗಿತ್ತು.

ಗುರುವಾರ ಬಂತು ಆ ಕೆಂಪು ಕಾರು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತಿದ್ದ, ಐವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರು. ಒಡೆಯ ಮಯಿಲ್‌ಸಾಮಿ, ಮಿಲ್ಲು ನಡೆಸಿ ಈಗ ಆರಾಮಾಗಿರುವವರು, ಎ.ಸಿ. ಬಿಸಿ ಗಾಳಿ ಊದುತ್ತಿದೆ ಎಂದರು. ನಂಜಪ್ಪನ್ ಸ್ಪ್ಯಾನರ್ ಮುಂದಿಟ್ಟರು. ಬೆಳ್ಳಿಯಪ್ಪನ ಕೈ, ಹಾಳು ಕೈ, ಅವನನ್ನೊಂದು ಮಾತು ಕೇಳದೆ ಮೊದಲ ಬೋಲ್ಟು ಬಿಚ್ಚಿಬಿಟ್ಟಿತು. ಬಿಚ್ಚಿದ ಮೇಲೆ ಅವನಿಗೆ ಶನಿವಾರದ ಬಸ್ಸು ನೆನಪಾಯಿತು.

ಅಂಥ ಕಾರಿನಲ್ಲಿ ಎ.ಸಿ. ಪೆಟ್ಟಿಗೆ ಇರುವುದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಕಾಲನ್ನು ಸೀಟಿನ ಮೇಲೆ ಚಾಚಿ, ಕಾಲಿಡುವ ಗುಂಡಿಯಲ್ಲಿ ತಲೆಯಿಟ್ಟು ಅಂಗಾತ ಮಲಗಬೇಕು. ವೈರುಗಳಿಗೆ ಗುರುತು ಕಟ್ಟಿ, ಹಿಂದಿನ ಎರಡು ಪೈಪು ಬಿಡಿಸಿ, ನಾಲ್ಕು ಬೋಲ್ಟು ತೆಗೆದು ಪೆಟ್ಟಿಗೆಯನ್ನು ಎದೆಯ ಮೇಲೆ ಇಳಿಸಿಕೊಳ್ಳಬೇಕು. ಅದು ಎದೆಯ ಮೇಲೆ ಕೂತಾಗ ಬೆಳ್ಳಿಯಪ್ಪನಿಗೆ ಉಸಿರಾಡಲೂ ಜಾಗವಿರಲಿಲ್ಲ. ಬದುಕೆಲ್ಲ ಹೀಗೇ ಕಳೆಯಿತಲ್ಲ ಎಂದು ಅಲ್ಲೇ ಮಲಗಿ ಸಂಕಟಪಟ್ಟ. ಶುಕ್ರವಾರ ಪೆಟ್ಟಿಗೆಯೊಳಗಿನ ತಂಪು ಕಾಯಿಲಿನ ತೂತಿಗೆ ಬೆಸುಗೆಯಾಯಿತು. ಶನಿವಾರ ಮಧ್ಯಾಹ್ನ ಪೆಟ್ಟಿಗೆ ಮತ್ತೆ ಮೇಲೇರಿತು. ಒಳಗಿನ ಗಾಳಿ ಎಳೆಯುವ ಪಂಪು ಹಚ್ಚಿ ಮೀಟರಿನ ಮುಳ್ಳು ನೋಡುತ್ತ ಕೂತ. ನಿಲ್ಲಬೇಕಿದ್ದ ಮುಳ್ಳು ಮೆಲ್ಲಗೆ ಸರಿಯಿತು. ಎಲ್ಲೋ ಸೋರುತ್ತಿತ್ತು. ಬಸ್ಸು ತಪ್ಪಿತು. ಸೆಲ್ಲಮ್ಮ ಬೈಯಲಿಲ್ಲ, ಸುಮ್ಮನೆ ಫೋನು ಇಟ್ಟುಬಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಭಾನುವಾರ ಬೆಳಿಗ್ಗೆ ಪೈಪಿಗೆ ನೈಟ್ರೋಜನ್ ತುಂಬಿ, ಒಂದೊಂದೇ ಜಾಯಿಂಟಿಗೆ ಸೋಪಿನ ನೊರೆ ಹಚ್ಚುತ್ತ ಹೋದ. ಪೆಟ್ಟಿಗೆಯ ತೀರ ಹಿಂದಿನ ನಟ್ಟಿನ ಮೇಲೆ ಗುಳ್ಳೆ ಎದ್ದಿತು. ಮುಟ್ಟಿ ನೋಡಿದರೆ ಬೆರಳಲ್ಲಿ ಕೂರಿಸಿ ಬಿಟ್ಟಷ್ಟೇ ಬಿಗಿ. ಮೂವತ್ತೆಂಟು ವರ್ಷದಲ್ಲಿ ಅವನು ಒಂದು ನಟ್ಟನ್ನೂ ಹಾಗೆ ಬಿಟ್ಟವನಲ್ಲ. ಹಾಗಾದರೆ ಯಾರೋ ಸಡಿಲಿಸಿದ್ದಾರೆ. ಯಾರೆಂದು ಬೇರೆ ಹೇಳಬೇಕೆ? ಅವನು ಹೋದರೆ ಈ ವರ್ಕ್‌ಶಾಪಿನಲ್ಲಿ ಎ.ಸಿ. ಕೆಲಸ ಮಾಡುವವರೇ ಇಲ್ಲ.

ತೆವಳಿಕೊಂಡು ಹೊರಬಂದು, ಜನ್ಮದಲ್ಲಿ ಮೊದಲ ಸಲ ಮಾವನಿಗೆ ಎದುರು ನಿಂತ.

"ನೀವೇ ಸಡಿಲ ಮಾಡಿದ್ರಿ ಮಾವ. ನಾ ಹೋಗ್ಬಾರ್ದಂತ."

ನಂಜಪ್ಪನ್ ಸಿಟ್ಟಾಗಲಿಲ್ಲ. ಎರಡೂ ಕೈ ಚಾಚಿ ತೋರಿಸಿದರು. ಗಂಟುಗಂಟಾಗಿ ಸೊಟ್ಟಗಾದ ಬೆರಳುಗಳು, ಮುಷ್ಟಿ ಕೂಡ ಪೂರ್ತಿ ಮುಚ್ಚದು. ಬೆಳ್ಳಿಯಪ್ಪ ದಿನವೂ ಕಾಣುವ ಕೈಗಳೇ; ಸಿಟ್ಟಿನಲ್ಲಿ ಮರೆತಿದ್ದ.

"ಈ ಕೈ ಅಷ್ಟು ಒಳಕ್ಕೆ ಹೋಯ್ತದಾ? ನೀನೇ ಸೊಲ್ಲು."

ಬೆಳ್ಳಿಯಪ್ಪ ಕಾರಿಗೆ ಒರಗಿದ. ಆ ನಟ್ಟಿಗೆ ಎಟುಕುವುದು ಅಂಗಾತ ಮಲಗಿದವನ ಎಡಗೈ ಒಂದೇ. ಶನಿವಾರ ಅದನ್ನು ಬೆರಳಲ್ಲಿ ಕೂರಿಸುವಾಗ ತಲೆಯಲ್ಲಿ ಏನಿತ್ತೆಂದು ಈಗ ನೆನಪಾಯಿತು. ಮೂವತ್ತು ಹುಡುಗರ ಮುಂದೆ ಬೋರ್ಡಿನ ಪಕ್ಕ ನಿಂತು, ಬಾಯಿ ತೆರೆದರೂ ಮಾತು ಹೊರಡದ ತಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಷ್ಟ್ರು. ಆ ದಿಗಿಲಿನಲ್ಲೇ ಸ್ಪ್ಯಾನರ್ ಹಾಕದೆ ಮುಂದಿನ ಬೋಲ್ಟಿಗೆ ಹೋಗಿದ್ದ. ಅವನಿಗೆ ನಾಚಿಕೆಯಾಯಿತು.

"ಬಯ ಆಯ್ತದೆ ಮಾವ," ಎಂದ.

ನಂಜಪ್ಪನ್ ಗೊತ್ತೆಂಬಂತೆ ತಲೆಯಾಡಿಸಿ, ಮೊದಲು ಹೋಗಿ ಅದನ್ನು ಬಿಗಿ ಮಾಡು ಎಂದರು.

ಮಧ್ಯಾಹ್ನ ಮುಳ್ಳು ನಿಂತಿತು. ಗ್ಯಾಸು ತುಂಬಿದ ಮೇಲೆ ತಣ್ಣನೆ ಗಾಳಿ ಬಂತು. ಮಯಿಲ್‌ಸಾಮಿ ಖುಷಿಯಿಂದ ಕಾರು ಒಯ್ದರು. ಆದರೂ ಬೆಳ್ಳಿಯಪ್ಪ ಶನಿವಾರವೇ ಕಟ್ಟಿಟ್ಟಿದ್ದ ಚೀಲ ಎತ್ತಿಕೊಳ್ಳಲಿಲ್ಲ. ಗೇಟಿನ ಹೊರಗೆ ಯಾರದೋ ಜೀಪು ಬಂದು ನಿಂತಿತ್ತು. ಅದನ್ನೊಂದು ನೋಡಿಬಿಡಲೇ ಎಂದು ಕೇಳಿದ. ನಂಜಪ್ಪನ್ ತಾವೇ ಹೋಗಿ ಆ ಗಿರಾಕಿಗೆ ಪಕ್ಕದ ಬೀದಿಯ ವರ್ಕ್‌ಶಾಪಿನ ದಾರಿ ತೋರಿಸಿದರು. ಬಾಗಿಲಿಗೆ ಬಂದವರನ್ನು ಅವರು ತಿರುಗಿಸಿ ಕಳಿಸಿದ್ದು ಅದೇ ಮೊದಲು. ಮರಳಿ ಬಂದು ನಂಜಪ್ಪನ್ ಷಟರ್ ಹಿಡಿದರು. ಅರ್ಧಕ್ಕೇ ಅದು ಸಿಕ್ಕಿಕೊಂಡಿತು. ಬೆಳ್ಳಿಯಪ್ಪ ನೆರವಿಗೆ ಬಂದರೆ ಬೇಡವೆಂದು ಭುಜದಿಂದ ತಳ್ಳಿ, ಒಬ್ಬರೇ ಕೆಳಗೆಳೆದರು.

"ನಾಳೆಕೆ ತೆಗಿಯಲ್ಲ. ನಾಳಿದ್ದೂ ಇಲ್ಲ. ಎ.ಸಿ. ಕೆಲ್ಸ ಇನ್ನ ಇಲ್ಲಿಲ್ಲ. ನೀ ಬಂದ್ರೂ ಬೀದೀಲೇ ನಿಂತ್ಕೊಬೇಕು."

ಬೆಳ್ಳಿಯಪ್ಪ ಅತ್ತ. ಭಯ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಚೀಲ ಹೆಗಲಿಗೇರಿಸಿ, ಮಡತ್ತುಕುಳದ ಬಸ್ಸು ಹೊರಡುವ ಉಕ್ಕಡಕ್ಕೆ ಸಿಟಿ ಬಸ್ಸು ಹತ್ತಿದ.